ಬೂದು ಬಣ್ಣದ ಪದವಿ

ಅಕ್ಕಂದಿರ ಕಾಲೇಜಿನಲ್ಲಿ ಯಾರು ಏನು ಓದಿದರು ಎಂಬುದು ಗೌನಮ್ಮನಿಗೆ ಬಣ್ಣದಲ್ಲೇ ಗೊತ್ತಾಗುತ್ತಿತ್ತು. ನೀಲಿ ಎಂದರೆ ಮುಂದೆ ಪಾಠ ಹೇಳುವವರು, ಹಸಿರು ಎಂದರೆ ನರ್ಸಾಗುವವರು, ಗುಲಾಬಿ ಸಂಗೀತದವರು, ಹಳದಿ ಲೆಕ್ಕಪತ್ರದವರು. ಬಿಳಿ ಧರ್ಮಾಧ್ಯಯನದವರದು. ಅವರು ಮುಂದೆ ಏನಾಗುತ್ತಾರೆ ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಓದುವವರನ್ನೂ ಸೇರಿಸಿ.

ಕಾಲೇಜನ್ನು ಕಟ್ಟಿದ್ದು ಒಂದು ಧರ್ಮಸಂಘದ ಹೆಂಗಸರು. ಮದುವೆ ಮಕ್ಕಳು ಬೇಡವೆಂದು ಬಂದು ದಿಣ್ಣೆಯ ಮೇಲೆ ಒಟ್ಟಿಗೆ ಬಾಳಿದವರು. ಅವರನ್ನು ಊರಿನವರೆಲ್ಲ ಅಕ್ಕ ಎಂದೇ ಕರೆದು ರೂಢಿ. ಈಗ ಅಕ್ಕಂದಿರು ಬೆರಳೆಣಿಕೆಯಷ್ಟು ಉಳಿದಿದ್ದರು. ಪಾಠ ಮಾಡುವವರು, ಆಫೀಸು ನೋಡಿಕೊಳ್ಳುವವರು, ಪ್ರಿನ್ಸಿಪಾಲರು ಎಲ್ಲ ಹೊರಗಿನಿಂದ ಬಂದವರು. ಆದರೂ ಪದವಿ ಕೊಡುವ ಹಕ್ಕು ಕಾಲೇಜಿನದೇ. ಯಾವ ಬಣ್ಣ ಯಾರಿಗೆ ಎಂದು ಅಕ್ಕಂದಿರು ಅಂದು ಗೊತ್ತು ಮಾಡಿದ್ದು ಇವತ್ತಿಗೂ ಬದಲಾಗಿರಲಿಲ್ಲ.

ಸಭಾಂಗಣದ ವೇದಿಕೆಯ ಹಿಂದೆ ಉದ್ದಕ್ಕೆ, ರೈಲು ಡಬ್ಬಿಯ ಹಾಗೆ ಇದ್ದ ಕೋಣೆ ಗೌನಮ್ಮನದು. ಗೋಡೆಯಿಂದ ಗೋಡೆಗೆ ಹಾಕಿದ ಸರಳಿನ ಮೇಲೆ ಕಪ್ಪು ಗೌನುಗಳು, ಅವುಗಳ ಎದುರಿನ ಸರಳಿನ ಮೇಲೆ ಹೆಗಲಪಟ್ಟಿಗಳು. ಘಟಿಕೋತ್ಸವದ ದಿನ ಗೌನಿನ ಮೇಲೆ ಕತ್ತಿನಿಂದ ಎರಡೂ ಕಡೆ ಇಳಿಬಿಡುವ ಅಗಲ ಪಟ್ಟಿ ಅದು. ಒಗೆದು, ಇಸ್ತ್ರಿ ಹಾಕಿ, ಹರಿದದ್ದನ್ನು ಹೊಲಿದು, ಆ ದಿನ ಒಬ್ಬೊಬ್ಬರಿಗೂ ತೊಡಿಸಿ ಕಳಿಸುವುದು, ಮುಗಿದ ಮೇಲೆ ವಾಪಸ್ಸು ಈಸಿಕೊಳ್ಳುವುದು ಅವಳ ಕೆಲಸ. ಗೌನಮ್ಮ ಎಂಬ ಹೆಸರು ಹುಡುಗಿಯರು ಇಟ್ಟದ್ದು. ಮೊದಮೊದಲು ಅವಳಿಗೆ ಕಿರಿಕಿರಿಯಾಗಿತ್ತು. ಆಮೇಲೆ ಗಂಡನೂ ಮನೆಯಲ್ಲಿ ಹಾಗೇ ಕರೆಯಲು ಶುರು ಮಾಡಿದಾಗ ಕೈಚೆಲ್ಲಿದಳು.

ಅವಳಿಗೆ ಸುಮ್ಮನೆ ಒಗೆದಿಡುವುದು ಬರುತ್ತಿರಲಿಲ್ಲ. ವಾಪಸ್ಸು ಬಂದ ಗೌನುಗಳ ಜೇಬು ತಡಕುವಾಗ ಒಂದು ಖುಷಿ. ನರ್ಸಾಗುವವರ ಜೇಬಿನಲ್ಲಿ ಪಿನ್ನುಗಳು ಸಾಲಾಗಿ ಕೂತಿರುತ್ತಿದ್ದವು. ಸಂಗೀತದವರದರಲ್ಲಿ ಗಂಟಲಿಗೆ ಚೀಪುವ ಗುಳಿಗೆಯ ಕಾಗದ. ಪಾಠ ಹೇಳುವವರದರಲ್ಲಿ ಸೀಮೆಸುಣ್ಣದ ಪುಡಿ, ಅದು ಹೇಗೆ ಬಂತೋ. ಲೆಕ್ಕಪತ್ರದವರ ಜೇಬಿನಲ್ಲಿ ಮಾತ್ರ ಏನೂ ಉಳಿದಿರುತ್ತಿರಲಿಲ್ಲ. ಬಿಳಿ ಪಟ್ಟಿಯವರದರಲ್ಲಿ ಏನು ಸಿಗುತ್ತದೆಂದು ಹೇಳಲಾಗುತ್ತಿರಲಿಲ್ಲ. ಒಂದು ವರ್ಷ ಒಣಗಿದ ಎಲೆ, ಒಂದು ವರ್ಷ ಬಸ್ಸಿನ ಚೀಟಿ, ಒಂದು ವರ್ಷ ಯಾರದೋ ಕಣ್ಣೀರು ಒರೆಸಿ ಮುದುಡಿದ ಕರವಸ್ತ್ರ.

ಪಟ್ಟಿಗಳ ಸರಳಿನ ಕೊನೆಯಲ್ಲಿ, ಗೋಡೆಗೆ ಒತ್ತಿಕೊಂಡು, ಬೂದು ಬಣ್ಣದ್ದೊಂದು ನೇತಾಡುತ್ತಿತ್ತು. ಅವಳು ಕೆಲಸಕ್ಕೆ ಸೇರಿದಾಗಿನಿಂದ ಅದನ್ನು ಯಾರೂ ಹಾಕಿಕೊಂಡು ಹೋದದ್ದಿಲ್ಲ. ಅದು ಯಾವ ಪದವಿಯದು ಎಂದು ಅವಳು ಆಫೀಸಿನ ಗುಮಾಸ್ತನನ್ನು ಕೇಳಿದ್ದುಂಟು. ಗುಮಾಸ್ತನಿಗೆ ಯಾವ ಪ್ರಶ್ನೆಗೂ ಉತ್ತರವಿಲ್ಲ ಎನ್ನುವುದು ಮರ್ಯಾದೆಗೆ ಕುಂದು. ಒಂದು ಸಲ ಅದು ಓದು ಅರ್ಧಕ್ಕೆ ಬಿಟ್ಟವರದು ಎಂದ, ಇನ್ನೊಂದು ಸಲ ಗುಮಾಸ್ತರಿಗೇ ಮೀಸಲಾದದ್ದು, ನಿವೃತ್ತಿಯ ದಿನ ತನಗೆ ಹೊದಿಸುತ್ತಾರೆ ಎಂದ. ಅವಳ ಮನಸ್ಸು ಒಪ್ಪಲಿಲ್ಲ. ಇಷ್ಟು ಒತ್ತಾಗಿ ನೇಯ್ದ ಬಟ್ಟೆಯನ್ನು ಯಾರೂ ತಮಾಷೆಗೆ ಮಾಡಿಡುವುದಿಲ್ಲ.

ಈ ವರ್ಷ ಅವಳ ಮಗಳೇ ಬಿಳಿ ಪಟ್ಟಿಗೆ ಬಂದಿದ್ದಳು.

ಮಗಳನ್ನು ಮನೆಯಲ್ಲಿ ಯಾಕಮ್ಮ ಎನ್ನುತ್ತಿದ್ದರು. ಮಾತು ಬಂದಾಗಿನಿಂದ ಯಾಕೆ ಯಾಕೆ ಎಂದು ಕೇಳಿ ಕೇಳಿ ಬಿದ್ದ ಹೆಸರು. ಅವಳು ಚಿಕ್ಕವಳಿದ್ದಾಗ ಅಮ್ಮ ಕಾಲೇಜಿನ ಹಿತ್ತಲ ತಂತಿಯ ಮೇಲೆ ಗೌನು ಹರವುತ್ತಿದ್ದರೆ ಇವಳು ಕ್ಲಿಪ್ಪಿನ ಬುಟ್ಟಿ ಹಿಡಿದು ಹಿಂದೆ ಹಿಂದೆ ಸುತ್ತುತ್ತ ಕೇಳುತ್ತಿದ್ದಳು. ಗಾಳಿಗೆ ಬಟ್ಟೆ ಒಣಗೋದು ಯಾಕೆ, ಕಪ್ಪು ಬಟ್ಟೆ ಬಿಸಿ ಯಾಕೆ, ಅಕ್ಕಂದಿರು ಕಣ್ಣು ಮುಚ್ಚಿಕೊಂಡು ಮಾತಾಡೋದು ಯಾರ ಹತ್ತಿರ, ಅವರು ವಾಪಸ್ಸು ಮಾತಾಡೋದು ಯಾಕೆ ಕೇಳಿಸಲ್ಲ. ಗೊತ್ತಿದ್ದದ್ದಕ್ಕೆ ಅಮ್ಮ ಹೇಳುತ್ತಿದ್ದಳು. ಗೊತ್ತಿಲ್ಲದ್ದಕ್ಕೆ ಅವಳದೊಂದು ಮಾತಿತ್ತು: ‘ಈ ಬಟ್ಟೆಯೆಲ್ಲ ಮಡಚಿ ಆಗಲಿ, ಆಮೇಲೆ ಹೇಳ್ತೀನಿ.’ ಬಟ್ಟೆ ಮಡಚಿ ಮುಗಿಯುವ ಹೊತ್ತಿಗೆ ಮಗು ಬುಟ್ಟಿಯ ಪಕ್ಕದಲ್ಲೇ ನಿದ್ದೆ ಹೋಗಿರುತ್ತಿತ್ತು.

ಕೆಲಸದವರ ಮಕ್ಕಳಿಗೆ ಕಾಲೇಜಿನಲ್ಲಿ ಯಾವ ಪದವಿಗಾದರೂ ಜಾಗ ಕೊಡುತ್ತಿದ್ದರು. ಮಗಳು ಧರ್ಮಾಧ್ಯಯನ ಎಂದಾಗ ನೆಂಟರಿಷ್ಟರು ಮುಖ ಮುಖ ನೋಡಿಕೊಂಡರು. ಬಸ್ಸು ರಿಪೇರಿ ಮಾಡುವ ಅವಳ ಅಪ್ಪ ಮಾತ್ರ, ಕೈಯ ಗ್ರೀಸು ಒರೆಸಿಕೊಳ್ಳುತ್ತ, ಯಾಕೆ ಎಂದು ಕೇಳುವುದಕ್ಕೇ ಒಂದು ಪದವಿ ಇದೆ ಅಂದರೆ ಅದನ್ನು ನಮ್ಮ ಮಗಳಿಗೆ ಬಿಟ್ಟು ಇನ್ನಾರಿಗೆ ಕೊಡುತ್ತಾರೆ ಎಂದುಬಿಟ್ಟಿದ್ದ. ಮಗಳು ತರಗತಿಗೇ ಮೊದಲಿಗಳಾಗಿ ಓದಿದಳು. ಪದವಿ ಕೈಗೆ ಬಂದರೆ ದೊಡ್ಡ ಊರಿನ ಶಿಕ್ಷಕರ ಕಾಲೇಜಿನಲ್ಲಿ ಅವಳಿಗೆ ಜಾಗ ಕಾದಿತ್ತು. ಮಕ್ಕಳಿಗೆ ಪಾಠ ಹೇಳಬೇಕೆಂಬುದು ಅವಳ ಆಸೆ. ಯಾಕೆ ಎಂದು ಕೇಳಿದ ಮಗುವನ್ನು ಸುಮ್ಮನೆ ಕೂರು ಎನ್ನದ ಒಬ್ಬ ಟೀಚರಾದರೂ ಇರಲಿ ಎನ್ನುತ್ತಿದ್ದಳು.

ಘಟಿಕೋತ್ಸವ ಹತ್ತಿರ ಬಂತು. ಬಿಳಿ ಪಟ್ಟಿಗಳನ್ನು ತೆಗೆದು ನೋಡಿದರೆ ಒಂದು ಕಡಿಮೆ. ಒಂದರ ಅಂಚು ಹುಳ ತಿಂದು ಉಪಯೋಗಕ್ಕೆ ಬರದಂತಾಗಿತ್ತು. ಆಗ ಗೌನಮ್ಮನಿಗೆ ಸರಳಿನ ಕೊನೆಯ ಬೂದು ಪಟ್ಟಿ ಕಣ್ಣಿಗೆ ಬಿತ್ತು. ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ, ಇದು ಮತ್ತೇನೂ ಅಲ್ಲ, ಯಾವ ಕಾಲದಲ್ಲೋ ಮಾಸಿ ಹೋದ ಬಿಳಿ ಪಟ್ಟಿ ಎಂದುಕೊಂಡಳು. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಿಳುಪಿನ ಪುಡಿ ಹಾಕಿ, ಅದನ್ನು ಕೋಲಿನಿಂದ ಅದ್ದಿ ಅದ್ದಿ ಕುದಿಸಿದಳು. ನೀರು ಚೊಕ್ಕವಾಗಿಯೇ ಉಳಿಯಿತು. ಪಟ್ಟಿ ಬೂದಾಗಿಯೇ ಹೊರಗೆ ಬಂತು. ಮೇಲಾಗಿ ಗೇಣುದ್ದ ಕುಗ್ಗಿ ಕೂತಿತ್ತು.

ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ನೋಡಿದಳು. ಬಟ್ಟೆ ಬೂದು ಬಣ್ಣದ್ದೇ ಅಲ್ಲ. ಒಂದು ಎಳೆ ಬಿಳಿ, ಒಂದು ಎಳೆ ಕಪ್ಪು, ಮತ್ತೆ ಬಿಳಿ, ಮತ್ತೆ ಕಪ್ಪು. ಎರಡನ್ನೂ ಪಕ್ಕಪಕ್ಕ ಹೂಡಿ ನೇಯ್ದದ್ದಕ್ಕೆ ದೂರಕ್ಕೆ ಬೂದಾಗಿ ಕಾಣುತ್ತಿತ್ತು ಅಷ್ಟೇ. ಬೆನ್ನಿನ ಕಡೆ ಒಳಗೆ ಏನೋ ಮಡಿಕೆ ಇದ್ದಂತೆ ದಪ್ಪ. ಕತ್ತು ಒರಗುವ ಜಾಗದಲ್ಲಿ ಬಟ್ಟೆ ಸವೆದು ನುಣ್ಣಗಾಗಿತ್ತು. ಅಂದರೆ ಯಾರೋ ಇದನ್ನು ಹಾಕಿಕೊಂಡಿದ್ದಾರೆ, ಒಂದು ದಿನದ ಮಟ್ಟಿಗಲ್ಲ. ಯಾರು? ಗೌನಮ್ಮನ ಕುತೂಹಲ ಈಗ ಹಸಿದ ಮಗುವಿನ ಹಾಗೆ ರಚ್ಚೆ ಹಿಡಿಯಿತು.

ಆ ಸಂಜೆ ಮಗಳು ಅಳತೆ ನೋಡಲು ಬಂದಳು. ಅಮ್ಮ ಕಪ್ಪು ಗೌನು ತೊಡಿಸಿ, ಇದ್ದುದರಲ್ಲಿ ಚೆನ್ನಾಗಿದ್ದ ಬಿಳಿ ಪಟ್ಟಿಯನ್ನು ಕತ್ತಿಗೆ ಇಳಿಬಿಟ್ಟು, ಎರಡೂ ತುದಿ ಸಮ ಮಾಡಿದಳು. ಮಗಳು ಕನ್ನಡಿ ನೋಡಲಿಲ್ಲ. ಪಟ್ಟಿಯನ್ನು ಮೆಲ್ಲಗೆ ತೆಗೆದು ಮಡಚಿ ಅಮ್ಮನ ಕೈಗೆ ಕೊಟ್ಟಳು.

‘ಇದನ್ನ ಬೇರೆ ಯಾರಿಗಾದ್ರೂ ಕೊಡಮ್ಮ. ನಾನು ಒಪ್ಪಿಗೆ ಮಾತು ಹೇಳಲ್ಲ.’

ಒಪ್ಪಿಗೆ ಮಾತು ಎಂದರೇನೆಂದು ಗೌನಮ್ಮನಿಗೆ ಗೊತ್ತಿತ್ತು. ವರ್ಷವರ್ಷವೂ ವೇದಿಕೆಯ ಪಕ್ಕದ ಬಾಗಿಲಿನಲ್ಲಿ ನಿಂತು ಕೇಳಿದ್ದಳು. ಉಳಿದವರು ಹೋಗಿ ಪದವಿ ಈಸಿಕೊಂಡು ಇಳಿದು ಬರುತ್ತಾರೆ. ಬಿಳಿ ಪಟ್ಟಿಯವರು ಮಾತ್ರ ಸಭೆಗೆ ಮುಖ ಮಾಡಿ, ‘ಇಲ್ಲಿ ಓದಿದ್ದನ್ನು ನಾನು ನಂಬುತ್ತೇನೆ’ ಎಂದು ಹೇಳಬೇಕು. ಹೇಳಿದರೆ ಪದವಿ. ಹೇಳದಿದ್ದರೆ, ಇಷ್ಟು ವರ್ಷ ತರಗತಿಯಲ್ಲಿ ಕೂತಿದ್ದರು ಎಂಬ ಒಂದು ಕಾಗದ. ಆ ಕಾಗದಕ್ಕೆ ದೊಡ್ಡ ಊರಿನ ಶಿಕ್ಷಕರ ಕಾಲೇಜು ಬಾಗಿಲು ತೆರೆಯುವುದಿಲ್ಲ. ಮಗಳು ಪ್ರಿನ್ಸಿಪಾಲರ ಹತ್ತಿರ ಆಗಲೇ ಮಾತಾಡಿ ಬಂದಿದ್ದಳು. ಅವರು ಗದರಲಿಲ್ಲವಂತೆ. ನಿಯಮ ತಾನು ಮಾಡಿದ್ದಲ್ಲ, ಮುರಿಯುವ ಅಧಿಕಾರವೂ ತನಗಿಲ್ಲ ಎಂದು ಕೈ ಉಜ್ಜಿಕೊಂಡರಂತೆ.

‘ನಂಬಿಕೆ ಇಲ್ವಾ ನಿಂಗೆ?’ ಎಂದು ಅಮ್ಮ ಕೇಳಿದಳು. ಬೈಯುವ ದನಿಯಲ್ಲಿ ಅಲ್ಲ. ಜ್ವರ ಇದೆಯಾ ಎಂದು ಹಣೆ ಮುಟ್ಟಿ ಕೇಳುವ ಹಾಗೆ.

‘ಇಲ್ಲ ಅಂತಲ್ಲಮ್ಮ. ಇದೆ ಅಂತಾನೂ ಅಲ್ಲ. ಒಂದು ಪ್ರಶ್ನೆ ಉಳ್ಕೊಂಡಿದೆ. ಅದನ್ನ ಒಳಗಿಟ್ಕೊಂಡು ಅಷ್ಟು ಜನರ ಮುಂದೆ ನಂಬ್ತೀನಿ ಅಂದ್ರೆ ನಾನು ಓದಿದ್ದಕ್ಕೇ ಅವಮಾನ.’

‘ಏನದು ಪ್ರಶ್ನೆ?’

‘ಹೇಳಿದ್ರೆ ನಗ್ತೀಯ.’

ಅಮ್ಮ ಒತ್ತಾಯ ಮಾಡಲಿಲ್ಲ. ಆದರೆ ಆ ಪ್ರಶ್ನೆ ಏನಿರಬಹುದು ಎಂಬುದು ಅವಳ ತಲೆಯಲ್ಲಿ ಹುಳದ ಹಾಗೆ ಕೊರೆಯತೊಡಗಿತು. ಇಷ್ಟು ಪುಸ್ತಕ ಓದಿದರೂ ಬಗೆಹರಿಯದ್ದು ಎಂದರೆ ಎಷ್ಟು ದೊಡ್ಡದಿರಬೇಕು. ಊಟದ ಹೊತ್ತಿಗೆ ಗಂಡನ ಕಿವಿಗೆ ವಿಷಯ ಹಾಕಿದಳು. ಅವನು ತಟ್ಟೆಯಿಂದ ತಲೆ ಎತ್ತದೆ, ಲೈಸೆನ್ಸು ತಗೊಳ್ಳುವಾಗ ತಾನೂ ಎಲ್ಲ ನಿಯಮ ಪಾಲಿಸುತ್ತೇನೆ ಎಂದು ರುಜು ಹಾಕಿದವನೇ, ಅಷ್ಟಕ್ಕೆ ಯಾರೂ ಸತ್ತಿಲ್ಲ ಎಂದ. ಮಗಳು, ನೀವು ರಿಪೇರಿ ಮಾಡಿದ ಬಸ್ಸು ಹತ್ತಿದವರನ್ನು ಕೇಳಬೇಕು ಎಂದಳು. ಅವನಿಗೆ ನಗು ಬಂದು ಅನ್ನ ನೆತ್ತಿಗೇರಿತು. ಅಮ್ಮ ಬೆನ್ನು ತಟ್ಟಿ ನೀರು ಕೊಟ್ಟಳು.

ಮರುದಿನ ಇಸ್ತ್ರಿ ಕಾಯುವಷ್ಟರಲ್ಲಿ ಗೌನಮ್ಮನಿಗೆ ಒಂದು ಯೋಚನೆ ಬಂತು. ಒಂದು ಕಾಲದಲ್ಲಿ ಅಕ್ಕಂದಿರು ತಮ್ಮ ಬಟ್ಟೆ ತಾವೇ ನೇಯ್ದುಕೊಳ್ಳುತ್ತಿದ್ದರಂತೆ. ಆ ಮಗ್ಗಗಳನ್ನು ಕಣ್ಣಾರೆ ಕಂಡವರು ಈಗ ಒಬ್ಬರೇ, ಹಿರಿಯಕ್ಕ. ಬಿಳಿ ಎಳೆ ಕಪ್ಪು ಎಳೆಯ ಗುಟ್ಟು ಹೇಳಿದರೆ ಅವರೇ ಹೇಳಬೇಕು. ಪಟ್ಟಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಳು.

ಹಿರಿಯಕ್ಕ ಬಹಳ ವರ್ಷ ಈ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಈಗ ತೋಟದ ಕಡೆಯ ಕೋಣೆಯಲ್ಲಿ, ಕಿಟಕಿಗೆ ಕುರ್ಚಿ ಹಾಕಿಸಿಕೊಂಡು ಕೂತಿರುತ್ತಿದ್ದರು. ಕಾಲು ಸ್ವಾಧೀನದಲ್ಲಿರಲಿಲ್ಲ. ಕಿವಿ ಬೇಕಾದದ್ದಕ್ಕೆ ಕೇಳಿಸುತ್ತಿತ್ತು, ಬೇಡವಾದದ್ದಕ್ಕೆ ಇಲ್ಲ. ಗೌನಮ್ಮ ಟವೆಲ್ಲು ಬಿಚ್ಚಿ ಪಟ್ಟಿಯನ್ನು ಅವರ ಮಡಿಲಲ್ಲಿ ಹರವಿದಳು. ಅವರು ಅದನ್ನು ಕಣ್ಣಿನಿಂದ ನೋಡುವ ಮೊದಲು ಬೆರಳಿನಿಂದ ನೋಡಿದರು. ಆಮೇಲೆ ಮೂಗಿಗೆ ಹಿಡಿದರು.

‘ಕುದಿಸಿದೆಯಾ ಇದನ್ನ?’

‘ಹೂಂ ಅಕ್ಕ. ತಪ್ಪಾಯ್ತು. ಮಾಸಿದ ಬಿಳೀದು ಅಂದ್ಕೊಂಡೆ.’

‘ನಾನೂ ಒಂದ್ಸಲ ಕುದಿಸಿದ್ದೆ ತಾಯಿ. ಬೆಳ್ಳಗೆ ಆಗುತ್ತೇನೋ ಅಂತ. ಆಗಲಿಲ್ಲ.’

ಗೌನಮ್ಮ ನೆಲದ ಮೇಲೆ ಕೂತುಬಿಟ್ಟಳು. ಹಿರಿಯಕ್ಕ ತಡೆತಡೆದು, ನಡುವೆ ಉಸಿರು ತೆಗೆದುಕೊಂಡು ಹೇಳಿದ್ದು ಇಷ್ಟು. ಕಾಲೇಜು ಕಟ್ಟಿದ ಅಕ್ಕಂದಿರಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವರೊಬ್ಬರಿದ್ದರು. ಓದಿದವರೆಲ್ಲ ನಂಬುತ್ತೇವೆ ಎಂದೇ ಹೇಳಬೇಕೆಂದು ಉಳಿದವರು ಗೊತ್ತು ಮಾಡಿದಾಗ ಆಕೆ ಒಪ್ಪಲಿಲ್ಲ. ಚೆನ್ನಾಗಿ ಓದಿದವಳಿಗೇ ಪ್ರಶ್ನೆ ಉಳಿಯುವುದು, ಅವಳನ್ನೇ ಹೊರಗಿಟ್ಟರೆ ನಾವು ಕಾಲೇಜು ಯಾಕೆ ನಡೆಸಬೇಕು ಎಂದರು. ಮಾತಿನಲ್ಲಿ ಗೆಲ್ಲಲಾಗದೆ ಹೋಗಿ ಮಗ್ಗದಲ್ಲಿ ಕೂತು ಈ ಪಟ್ಟಿ ನೇಯ್ದು ತಂದಿಟ್ಟರು. ಕೊನೆಗೆ ಎಲ್ಲರೂ ಒಪ್ಪಿದರು. ಪದವಿ ಅದೇ, ಬಣ್ಣ ಮಾತ್ರ ಬೇರೆ. ಇದನ್ನು ಹಾಕಿಕೊಂಡವಳು ಒಪ್ಪಿಗೆ ಮಾತಿನ ಬದಲು ತನಗೆ ಉಳಿದ ಪ್ರಶ್ನೆಯನ್ನು ಸಭೆಯ ಮುಂದೆ ಕೇಳಬೇಕು. ಯಾರೂ ಉತ್ತರ ಹೇಳಕೂಡದು, ಚಪ್ಪಾಳೆ ತಟ್ಟಕೂಡದು. ಅವಳು ತಾನಾಗಿ ಇಳಿದು ಬರುವವರೆಗೆ ಎಲ್ಲರೂ ಆ ಪ್ರಶ್ನೆಯ ಜೊತೆ ಸುಮ್ಮನೆ ಕೂತಿರಬೇಕು.

‘ಆಮೇಲೆ ಯಾರು ಹಾಕ್ಕೊಂಡ್ರು ಅಕ್ಕ?’

ಹಿರಿಯಕ್ಕ ಪಟ್ಟಿಯನ್ನು ಎತ್ತಿ ತಮ್ಮ ಕತ್ತಿಗೆ ಹಾಕಿಕೊಂಡರು. ಸವೆದು ನುಣ್ಣಗಾದ ಜಾಗ ಅವರ ಕತ್ತಿನ ಹಿಂದೆ ಸರಿಯಾಗಿ ಕೂತಿತು.

‘ನಾನು. ಆಮೇಲೂ ಸುಮಾರು ದಿನ ಪ್ರಾರ್ಥನೆಗೆ ಇದನ್ನೇ ಹಾಕ್ಕೊಂಡು ಹೋಗ್ತಿದ್ದೆ. ಉಳಿದವರಿಗೆ ಸಿಟ್ಟು ಬರ್ತಿತ್ತು. ಅದಕ್ಕೇ ಕುದಿಸಿದ್ದು.’

‘ಪ್ರಶ್ನೆ ಇಟ್ಕೊಂಡೂ ಅಕ್ಕ ಆದ್ರಾ ನೀವು?’

‘ಪ್ರಶ್ನೆ ಇಲ್ಲೇ ಇತ್ತಲ್ಲ. ಬಿಟ್ಟು ಎಲ್ಲಿಗೆ ಹೋಗಲಿ?’

ಉತ್ತರ ಸಿಕ್ಕಿತಾ ಎಂದು ಕೇಳಬಾರದು ಎಂದುಕೊಂಡೇ ಗೌನಮ್ಮ ಕೇಳಿಬಿಟ್ಟಳು. ಹಿರಿಯಕ್ಕ ಕಿಟಕಿಯ ಕಡೆ ನೋಡಿ, ಒಂದೆರಡು ಸಲ ಸಿಕ್ಕಿತ್ತು, ಎಲ್ಲಿಟ್ಟೆ ಅಂತ ಮರೆತೆ ಎಂದರು. ಅದು ತಮಾಷೆಯೋ ನಿಜವೋ ತಿಳಿಯಲಿಲ್ಲ. ಅವರ ನಂತರ ಬೂದು ಪಟ್ಟಿಯನ್ನು ಯಾರೂ ಕೇಳಲಿಲ್ಲವಂತೆ. ಕೇಳುವವರಿಲ್ಲದೆ ಅಂಥದ್ದೊಂದು ಇದೆ ಎಂಬುದೂ ಜನರಿಗೆ ಮರೆತುಹೋಯಿತು. ನೀವಾದರೂ ಹೇಳಬಹುದಿತ್ತಲ್ಲ ಎಂದಾಗ ಹಿರಿಯಕ್ಕ ಪಟ್ಟಿಯನ್ನು ಕತ್ತಿನಿಂದ ತೆಗೆದು ಮಡಚಿದರು.

‘ಕೊಡೋ ಪಟ್ಟಿ ಅಲ್ಲ ತಾಯಿ ಅದು. ಕೇಳಿ ತಗೋಬೇಕು.’

ಗೌನಮ್ಮ ಅಲ್ಲಿಂದ ನೇರ ಮನೆಗೆ ಹೋಗಿ ಮಗಳಿಗೆ ಹೇಳಿದಳು. ಮಗಳು ಪಟ್ಟಿಯನ್ನು ಬೆಳಕಿಗೆ ಹಿಡಿದು, ಎಳೆ ಎಳೆಯಾಗಿ ನೋಡಿ, ಅಂದೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕೇಳಿದಳು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ಅಂಜುಬುರುಕರು. ಗೊತ್ತಿಲ್ಲ ಎನ್ನುವವಳಿಗೆ ಪದವಿ ಕೊಟ್ಟರೆ ಧರ್ಮದ ಕಾಲೇಜಿಗೆ ಮಕ್ಕಳನ್ನು ಕಳಿಸುವ ತಂದೆತಾಯಿ ಏನಂದಾರು, ಬೇರೆ ಕಾಲೇಜಿನವರು ನಗುವುದಿಲ್ಲವೇ ಎಂದು ಅವರ ಚಿಂತೆ. ಗುಮಾಸ್ತನನ್ನು ಕರೆದು ಇಂಥದ್ದು ಹಿಂದೆ ನಡೆದದ್ದುಂಟೇ ಎಂದು ಕೇಳಿದರು. ಗುಮಾಸ್ತ ಜೀವನದಲ್ಲಿ ಮೊದಲ ಸಲ ನನಗೆ ಗೊತ್ತಿಲ್ಲ ಸಾರ್ ಎಂದ. ಆಮೇಲೆ ಹೊರಗೆ ಬಂದು ಗೌನಮ್ಮನಿಗೆ, ಹಾಗಂದದ್ದಕ್ಕೆ ನನಗೂ ಒಂದು ಪಟ್ಟಿ ಬರಬೇಕು ಎಂದು ಗೊಣಗಿದ. ಎರಡು ದಿನ ಪ್ರಿನ್ಸಿಪಾಲರು ಕೋಣೆಯಲ್ಲಿ ಆಚೆಯಿಂದೀಚೆಗೆ ಓಡಾಡಿದರು. ಕೊನೆಗೆ ಅವರೇ ತೋಟದ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ ಯಾರಿಗೂ ತಿಳಿಯದು. ಬರುವಾಗ ಮಾತ್ರ ಅವರ ಮುಖ, ಪಾಠ ಒಪ್ಪಿಸಲು ಹೋಗಿ ಪಾಠ ಹೇಳಿಸಿಕೊಂಡು ಬಂದವರ ಹಾಗಿತ್ತು. ಆಗಬಹುದು ಎಂದರು. ಆದರೆ ಆ ಪದವಿಯನ್ನು ಕೊಟ್ಟು ತನಗೆ ಅಭ್ಯಾಸವಿಲ್ಲ, ಹಿರಿಯಕ್ಕನವರೇ ವೇದಿಕೆಗೆ ಬಂದು ಕೊಡಬೇಕು ಎಂದರು.

ಇನ್ನು ಪಟ್ಟಿಯ ಪಾಡು. ಮಗಳು ಅಪ್ಪನ ಹಾಗೆ ಎತ್ತರ. ಕುಗ್ಗಿದ ಪಟ್ಟಿ ಅವಳ ಕತ್ತಿಗೆ ಹಾಕಿದರೆ ಚಳಿಗೆ ಸುತ್ತಿಕೊಂಡ ಮಫ್ಲರಿನ ಹಾಗೆ ಎದೆಯ ಮೇಲೆಯೇ ನಿಂತಿತು. ಹೊಸದು ನೇಯಲು ಮಗ್ಗವಿಲ್ಲ. ಬೇರೆ ಬಟ್ಟೆ ಜೋಡಿಸಿದರೆ ಎದ್ದು ಕಾಣುತ್ತದೆ. ಎಲ್ಲವೂ ಕೂಡಿ ಬಂದ ಮೇಲೆ ತನ್ನ ಕುದಿಯುವ ಪಾತ್ರೆಯಿಂದಲೇ ಕೆಡುತ್ತದಲ್ಲ ಎಂದು ಗೌನಮ್ಮನಿಗೆ ಅಳು ಬಂತು. ಪಟ್ಟಿಯನ್ನು ಮಡಿಲಲ್ಲಿ ಹಾಕಿಕೊಂಡು ಸುಮ್ಮನೆ ಸವರುತ್ತ ಕೂತಿದ್ದಾಗ ಬೆರಳಿಗೆ ಬೆನ್ನಿನ ಕಡೆಯ ಆ ದಪ್ಪ ತಾಗಿತು. ತಿರುವಿ ನೋಡಿದಳು. ಸಣ್ಣ ಸಣ್ಣ ಹೊಲಿಗೆ, ಬಿಚ್ಚಲು ಸುಲಭವಾಗುವಂಥದ್ದು. ಅಂಥ ಹೊಲಿಗೆಯನ್ನು ಅವಳೇ ಎಷ್ಟು ಸಲ ಹಾಕಿರಲಿಲ್ಲ, ಮಗಳ ಲಂಗದ ಅಂಚಿಗೆ, ಬೆಳೆಯುವ ಮಗು, ಮುಂದಿನ ವರ್ಷಕ್ಕೆ ಇರಲಿ ಎಂದು.

ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿದಳು. ಒಳಗಿನಿಂದ ಬಟ್ಟೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡಿತು. ಬಿಸಿಲು ಕಾಣದ, ಯಾರೂ ಮುಟ್ಟದ ಬಟ್ಟೆ. ಅಲ್ಲಿ ಬಿಳಿ ಎಳೆ ಇನ್ನೂ ಬೆಳ್ಳಗಿತ್ತು, ಕಪ್ಪು ಎಳೆ ಕಡು ಕಪ್ಪಾಗಿತ್ತು. ಮಗ್ಗದ ಅಕ್ಕ ಅಂದು ಕುಳ್ಳ ಹುಡುಗಿಯಾಗಿದ್ದ ಹಿರಿಯಕ್ಕನಿಗೋಸ್ಕರ ಕತ್ತರಿ ಹಾಕದೆ ಮಡಚಿ ಹೊಲಿದಿದ್ದರು. ಇವಳ ನಂತರ ಇನ್ನೊಬ್ಬಳು ಬರುತ್ತಾಳೆ, ಅವಳು ಎತ್ತರವಿದ್ದರೂ ಇರಬಹುದು ಎಂದು. ಗೌನಮ್ಮ ಆ ಕಾಣದ ಹೆಂಗಸಿನ ಕೈಯನ್ನು ಹಿಡಿದುಕೊಂಡಂತೆ ಬಟ್ಟೆಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಇಸ್ತ್ರಿ ಹಾಕಿದಳು.

ಘಟಿಕೋತ್ಸವದ ದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಗೌನಮ್ಮ ಒಬ್ಬೊಬ್ಬರ ಹೆಗಲನ್ನೂ ಸರಿಮಾಡಿ ಕಳಿಸಿದಳು. ನಡುವೆ ಅವಳ ಗಂಡ ಮತ್ತು ಗುಮಾಸ್ತ ಹಿರಿಯಕ್ಕನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ಮೆಟ್ಟಿಲು ಹತ್ತುವಾಗ ಗುಮಾಸ್ತ ಏದುಸಿರು ಬಿಡುತ್ತಿದ್ದ. ಮೆಲ್ಲಗೆ ಹೋಗಪ್ಪ, ನನಗೇನೂ ಬಸ್ಸು ಹಿಡಿಯೋದಿಲ್ಲ ಎಂದು ಹಿರಿಯಕ್ಕ ಮೇಲಿನಿಂದ ಹೇಳುತ್ತಿದ್ದರು. ಕೊನೆಗೆ ಮಗಳು ಬಂದಳು. ಅಮ್ಮ ಬೂದು ಪಟ್ಟಿಯನ್ನು ಇಳಿಬಿಟ್ಟಳು. ಎರಡೂ ತುದಿ ಮೊಣಕಾಲಿನ ಹತ್ತಿರ ಸರಿಯಾಗಿ ಬಂದು ನಿಂತವು. ಬೆನ್ನಿನ ಮೇಲೆ ಹಳೆಯ ಬಟ್ಟೆಗೂ ಹೊಸದಾಗಿ ಬಿಚ್ಚಿದ ಬಟ್ಟೆಗೂ ನಡುವೆ ಒಂದು ಗೆರೆ ತೆಳ್ಳಗೆ ಕಾಣುತ್ತಿತ್ತು. ಅದನ್ನು ಮುಚ್ಚಲು ಅವಳಿಗೆ ಮನಸ್ಸಾಗಿರಲಿಲ್ಲ.

‘ಈಗಾದ್ರೂ ಹೇಳೇ, ಏನು ಕೇಳ್ತೀಯ?’

‘ಎಲ್ಲರ ಜೊತೆ ನೀನೂ ಕೇಳಿಸ್ಕೋ’ ಎಂದು ಮಗಳು ಅಮ್ಮನ ಬಾಯಿಂದ ಪಿನ್ನು ತೆಗೆದು ಗೋಡೆಗೆ ತೂಗುಹಾಕಿದ್ದ ಪಿನ್ನಿನ ಪುಟ್ಟ ದಿಂಬಿಗೆ ಚುಚ್ಚಿ ಹೋದಳು.

ಗೌನಮ್ಮ ಪಕ್ಕದ ಬಾಗಿಲಿನಲ್ಲಿ ನಿಂತಳು. ನೀಲಿ, ಹಸಿರು, ಗುಲಾಬಿ, ಹಳದಿ ಹತ್ತಿ ಇಳಿದವು. ಬಿಳಿ ಪಟ್ಟಿಯವರು ಒಬ್ಬೊಬ್ಬರಾಗಿ ನಂಬುತ್ತೇನೆ ಎಂದರು. ಒಬ್ಬಳ ದನಿ ನಡುಗಿತು, ಅವಳು ನಿಜವಾಗಿ ಹೇಳುತ್ತಿದ್ದಾಳೆ ಎಂದು ಗೌನಮ್ಮನಿಗೆ ಅನ್ನಿಸಿತು. ಆಮೇಲೆ ಬೂದು ಬಣ್ಣ ಮೆಟ್ಟಿಲು ಹತ್ತಿತು. ಸಭೆಯಲ್ಲಿ ಪಿಸುಪಿಸು ಎದ್ದಿತು. ಪ್ರಿನ್ಸಿಪಾಲರು ಎದ್ದು, ಈಗ ಒಂದು ಪ್ರಶ್ನೆ ಕೇಳಿಬರುತ್ತದೆ, ನಾವೆಲ್ಲ ಅದರ ಜೊತೆ ಸುಮ್ಮನಿರುವುದು ಈ ಕಾಲೇಜಿನ ಹಳೆಯ ಪದ್ಧತಿ ಎಂದಷ್ಟೇ ಹೇಳಿ, ಹಣೆ ಒರೆಸಿಕೊಂಡು ಕೂತರು.

ಮಗಳು ಸಭೆಗೆ ಮುಖ ಮಾಡಿ ನಿಂತಳು. ದನಿ ಎತ್ತರಿಸಲಿಲ್ಲ.

‘ನಾವು ಮಾತಾಡುತ್ತಲೇ ಬಂದಿದ್ದೇವೆ. ವಾಪಸ್ಸು ಮಾತು ಬರುವುದಿಲ್ಲ. ಹಾಗಿದ್ದರೆ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಮಗೆ ಅನ್ನಿಸುವುದು ಯಾಕೆ?’

ಸಭಾಂಗಣ ಸುಮ್ಮನಾಯಿತು. ಮೇಲೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಯಾರೋ ಕೆಮ್ಮು ತಡೆದುಕೊಂಡರು. ಆ ಮೌನ ಮೊದಲು ಮುಜುಗರದ ಮೌನವಾಗಿತ್ತು, ಆಮೇಲೆ ಬರಬರುತ್ತ ಬೇರೆಯಾಯಿತು. ಜನ ಒಬ್ಬರ ಮುಖ ಒಬ್ಬರು ನೋಡುವುದು ನಿಲ್ಲಿಸಿದರು. ಗೌನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳಿಗೆ ಕಂಡದ್ದು ವೇದಿಕೆಯಲ್ಲ. ಹಿತ್ತಲ ತಂತಿ, ಅದರ ಮೇಲೆ ಗಾಳಿಗೆ ಉಬ್ಬಿದ ಗೌನುಗಳು, ಕ್ಲಿಪ್ಪಿನ ಬುಟ್ಟಿ ಹಿಡಿದು ತಲೆ ಎತ್ತಿ ನಿಂತ ಮಗು. ಇಷ್ಟು ಪುಸ್ತಕ ಓದಿದ್ದು, ಇಷ್ಟು ವರ್ಷ ಕಾದದ್ದು, ಅವತ್ತು ಅಮ್ಮ ಆಮೇಲೆ ಹೇಳುತ್ತೇನೆ ಎಂದು ಬಿಟ್ಟ ಆ ಒಂದು ಮಾತಿಗೆ.

ಮಗಳು ಸಾಕೆನಿಸುವವರೆಗೆ ನಿಂತು, ತಿರುಗಿ ಹಿರಿಯಕ್ಕನ ಕುರ್ಚಿಯ ಮುಂದೆ ಬಾಗಿದಳು. ಹಿರಿಯಕ್ಕ ಪದವಿ ಪತ್ರವನ್ನು ಅವಳ ಕೈಗಿಟ್ಟರು. ಕಿವಿಯಲ್ಲಿ ಏನೋ ಹೇಳಿದರು. ಮಗಳು ನಕ್ಕಳು.

ಸಂಜೆ ಎಲ್ಲರೂ ಹೋದ ಮೇಲೆ ಕೋಣೆಯ ತುಂಬ ಕಳಚಿದ ಗೌನುಗಳ ಗುಡ್ಡೆ. ಮಗಳು ಮನೆಗೆ ಹೋಗಲಿಲ್ಲ, ಮಡಚಲು ಕೂತಳು. ಹಿರಿಯಕ್ಕ ಕಿವಿಯಲ್ಲಿ ಏನು ಹೇಳಿದರು ಎಂದು ಅಮ್ಮ ಕೇಳಿದಾಗ, ನನ್ನದೂ ಹೆಚ್ಚು ಕಡಿಮೆ ಇದೇ ಆಗಿತ್ತು ಅಂದರು ಎಂದಳು. ಇಬ್ಬರೂ ತುದಿಗೆ ತುದಿ ಹಿಡಿದು, ಜಾಡಿಸಿ, ಮಡಚಿ, ಒಂದರ ಮೇಲೊಂದು ಪೇರಿಸಿದರು. ಜೇಬುಗಳಲ್ಲಿ ಪಿನ್ನು ಸಿಕ್ಕವು, ಗುಳಿಗೆಯ ಕಾಗದ ಸಿಕ್ಕವು. ಮಗಳ ಗೌನಿನ ಜೇಬಿನಲ್ಲಿ ಬಟ್ಟೆ ಒಣಗಿಸುವ ಹಳೆಯ ಮರದ ಕ್ಲಿಪ್ಪೊಂದು ಸಿಕ್ಕಿತು. ಅಮ್ಮ ಅದನ್ನು ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು. ಬೂದು ಪಟ್ಟಿಯನ್ನು ಈ ಸಲ ಗೋಡೆಗೆ ಒತ್ತಿ ಹಾಕದೆ, ಬಾಗಿಲಿಗೆ ಎದುರಾಗಿ, ಒಳಬರುವವರ ಕಣ್ಣಿಗೆ ಮೊದಲು ಬೀಳುವ ಹಾಗೆ ತೂಗುಹಾಕಿದಳು.

ಗುಡ್ಡೆ ಕರಗಿತು. ಕೊನೆಯ ಗೌನನ್ನು ಪೇರಿಸಿ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

‘ಬಟ್ಟೆಯೆಲ್ಲ ಮಡಚಿ ಆಯ್ತು ಕಣೇ.’

‘ಹೂಂ. ಹಾಗಿದ್ರೆ ಈಗ ಹೇಳು.’

ಅಮ್ಮ ನಿಜವಾಗಿಯೂ ಯೋಚಿಸಿದಳು. ಮಗಳು ಕಾದಳು.

‘ಗೊತ್ತಿಲ್ಲ ಮಗಳೇ.’

‘ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?’

‘ಬಟ್ಟೆ ಜಾಸ್ತಿ ಇತ್ತು’ ಎಂದು ಗೌನಮ್ಮ ದೀಪ ಆರಿಸಿದಳು.